ನೀರಿನ ಲೆಕ್ಕ ಮೊದಲು, ಕೋಣೆಯ ನಕ್ಷೆ ಆಮೇಲೆ

ಗಜೇಂದ್ರಗಡದ ಕಾಲಕಾಲೇಶ್ವರ ಗುಡಿಯ ಮೆಟ್ಟಿಲು ಹತ್ತಿದವರಿಗೆ ಅಲ್ಲಿನ ಅಂತರಗಂಗೆ ಗೊತ್ತಿರುತ್ತದೆ. ಮರದ ಬೇರುಗಳ ನಡುವಿನಿಂದ ಜಿನುಗುವ ನೀರು ಬಿರುಬೇಸಿಗೆಯಲ್ಲೂ ನಿಲ್ಲದೆ ಹೊಂಡಕ್ಕೆ ಇಳಿಯುತ್ತದೆ. ಗುಡ್ಡದ ನೆತ್ತಿಯ ಮೇಲೆ ಬಿದ್ದ ಮಳೆ ಮರಳುಗಲ್ಲಿನ ಬಿರುಕುಗಳಲ್ಲಿ ಇಳಿದು, ತಿಂಗಳುಗಟ್ಟಲೆ ಒಳಗೇ ನಡೆದು, ಬುಡದಲ್ಲಿ ಹೊರಬರುವುದರಿಂದ ಹೀಗೆ. ಈ ಗುಡ್ಡಸಾಲಿನ ನೋಟ ಸಿಗುವಂಥ ಕಡೆ, ಪ್ರಕೃತಿಗೆ ಧಕ್ಕೆಯಾಗದಂತೆ ಒಂದು ಐಷಾರಾಮಿ ಹೋಟೆಲ್ ಕಟ್ಟಬೇಕು ಎಂದುಕೊಳ್ಳಿ. ಬಾದಾಮಿ, ಪಟ್ಟದಕಲ್ಲು, ಹಂಪಿಗೆ ಬರುವ ಪ್ರವಾಸಿಗರಲ್ಲಿ ಕೆಲವರಾದರೂ ಇತ್ತ ಹೊರಳಿಯಾರು. ನಕ್ಷೆ ಬರೆಯುವವನು ಎಲ್ಲಿಂದ ಶುರುಮಾಡಬೇಕು?

ನೀರಿನಿಂದ. ದೊಡ್ಡ ತಾರಾ ಹೋಟೆಲಿಗೆ ಒಬ್ಬ ಅತಿಥಿಗೆ ದಿನಕ್ಕೆ 320 ಲೀಟರ್ ನೀರು ಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಲೆಕ್ಕ ಹಿಡಿಯುತ್ತದೆ. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ಕೊಡಲು ಗುರಿ ಇಟ್ಟುಕೊಂಡಿದ್ದು 55 ಲೀಟರ್. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದಿಟ್ಟುಕೊಂಡೇ ಪೆನ್ಸಿಲ್ ಹಿಡಿಯಬೇಕು. 20 ಕೋಣೆ, 40 ಅತಿಥಿಗಳೆಂದರೆ ದಿನಕ್ಕೆ 12,800 ಲೀಟರ್. ಮಾಳಿಗೆಯ ವಿಸ್ತಾರ ಒಟ್ಟು 1,200 ಚದರ ಮೀಟರ್ ಇದ್ದು, ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬಿದ್ದು, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಹಿಡಿದಿಟ್ಟರೆ 5,76,000 ಲೀಟರ್ ಸಿಗುತ್ತದೆ. ಅದು 45 ದಿನಕ್ಕೆ ಮುಗಿಯಿತು! ಕಕ್ಕಸಿಗೆ ಶುದ್ಧೀಕರಿಸಿದ ಬಳಸಿದ ನೀರು, ಮಿತವಾಗಿ ಸುರಿಯುವ ನಲ್ಲಿ, ದಿನಾ ಹಾಸಿಗೆ ವಸ್ತ್ರ ಒಗೆಯುವ ಚಟಕ್ಕೆ ಕಡಿವಾಣ, ಇಷ್ಟು ಮಾಡಿ ಬಳಕೆಯನ್ನು 150 ಲೀಟರಿಗೆ ಇಳಿಸಿದರೆ ಅದೇ ನೀರು 96 ದಿನ ಬರುತ್ತದೆ. ಕೋಣೆಗಳು ಸರಾಸರಿ ಅರ್ಧ ಮಾತ್ರ ತುಂಬುತ್ತವೆ ಎಂದರೆ ಆರು ತಿಂಗಳು ದಾಟುತ್ತದೆ. ಉಳಿದದ್ದಕ್ಕೆ ತನ್ನದೇ ಜಾಗದ ಇಳಿಜಾರಿನಲ್ಲಿ ಹರಿದುಹೋಗುವ ನೀರನ್ನು ಹೊಂಡದಲ್ಲಿ ಹಿಡಿಯಬೇಕು. ಬೋರ್‌ವೆಲ್ ಕೊರೆಸುವುದು ಸುಲಭ, ನಿಜ. ಆದರೆ ಗುಡ್ಡದ ಒಳಗಿನ ನೀರನ್ನು ಎಳೆದುಬಿಟ್ಟರೆ ಬುಡದ ಒರತೆ ಬತ್ತಬಹುದು. ಆಗ ಸುಸ್ಥಿರ ಎಂಬ ಫಲಕ ಬಾಗಿಲಲ್ಲಿ ತೂಗಿ ಪ್ರಯೋಜನವಿಲ್ಲ.

ಈಜುಕೊಳದ ಮಾತು ಬಂದೇ ಬರುತ್ತದೆ. 10 ಮೀಟರ್ ಉದ್ದ, 5 ಮೀಟರ್ ಅಗಲದ ಸಣ್ಣ ಕೊಳದಿಂದ ಏಪ್ರಿಲ್ ಬಿಸಿಲಿಗೆ ದಿನಕ್ಕೆ 8 ಮಿ.ಮೀ. ನೀರು ಆವಿಯಾದರೂ 400 ಲೀಟರ್ ಹೋಯಿತು: ಹಳ್ಳಿಯ ಏಳು ಜನರ ಪಾಲು, ಯಾರೂ ಈಜದೆಯೇ. ಇದೇ ಸೀಮೆಯ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ನಾಗಕುಂಡವಿದೆ. ನೆಲದೊಳಕ್ಕೆ ಇಳಿದ, ಕೆತ್ತನೆಗೋಡೆಗಳ ಕಲ್ಲಿನ ಕುಂಡ. ಐಷಾರಾಮದ ರುಚಿ ಆ ಕಾಲದವರಿಗೂ ಇತ್ತು. ಬಿಸಿಲು, ಗಾಳಿಗೆ ನೀರನ್ನು ಅಗಲವಾಗಿ ಹರವಿಡದೆ ಆಳಕ್ಕೆ ಇಳಿಸಿದರು. ನಾನಾದರೆ ಕೊಳದ ದುಡ್ಡನ್ನು ಇಂಥ ನೆರಳಿನ ಕುಂಡವೊಂದಕ್ಕೆ ಹಾಕುತ್ತೇನೆ. ಸೂಡಿಯ ಪಕ್ಕದಲ್ಲೇ ಕಟ್ಟುವ ಆಸೆ ಮಾತ್ರ ಬೇಡ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು.

ಜಾಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಕೊಪ್ಪಳ ಜಿಲ್ಲೆಯ ವಿರೂಪಾಪುರ ಗಡ್ಡೆ ಸಾಕ್ಷಿ. ಹಂಪಿಯ ಎದುರು, ತುಂಗಭದ್ರೆಯ ಆಚೆ ದಡದಲ್ಲಿ ಹುಲ್ಲು ಹೊದಿಸಿದ ಗುಡಿಸಲುಗಳ ರೆಸಾರ್ಟ್‌ಗಳು ಎದ್ದಿದ್ದವು. ಕಣ್ಣಿಗೆ ಪರಿಸರಸ್ನೇಹಿಯೇ. ಅವು ಇದ್ದದ್ದು ಮಾತ್ರ ಸಂರಕ್ಷಿತ ಪರಂಪರೆಯ ವಲಯದಲ್ಲಿ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೆರವು ಆದೇಶವನ್ನು ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಕಬಿನಿಯಲ್ಲಿ ಕಥೆ ಬೇರೆ. 1980ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಅಲ್ಲಿ ಮೈಸೂರು ಅರಸರ ಹಳೆಯ ಬೇಟೆಬಂಗಲೆಯನ್ನೇ ಬಳಸಿಕೊಂಡು ವಸತಿ ಆರಂಭಿಸಿತು.

ಇನ್ನು ನೆಲ. ರೋಣ, ನರಗುಂದದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುತ್ತದೆ; ಮೇಲಿನ ಗೋಡೆಯನ್ನೂ ಜೊತೆಗೆ ಸೀಳುತ್ತದೆ. ಅಡಿಪಾಯ ಗಟ್ಟಿ ಗರಸಿನವರೆಗೆ ಇಳಿಯಬೇಕು, ಖರ್ಚು ಏರುತ್ತದೆ. ಜೋಳ, ಕಡಲೆ, ಹತ್ತಿ ಬೆಳೆಯುವ ಹೊಲವೂ ಹಾಳು. ನರಗುಂದ ಪಟ್ಟಣದ್ದು ಇನ್ನೊಂದು ಬಗೆಯ ಪಾಠ. ಮಲಪ್ರಭೆಯ ಕಾಲುವೆ ಬಂದ ಈ ಸೀಮೆಯಲ್ಲಿ ನೆಲದಡಿಯ ನೀರು ಮೇಲೇರಿ, ಹಳೆಯ ಓಣಿಗಳಲ್ಲಿ ಇದ್ದಕ್ಕಿದ್ದಂತೆ ನೆಲ ಕುಸಿಯತೊಡಗಿತು. ಹಿಂದೆ ಜೋಳ ತುಂಬಿಡಲು ತೋಡಿದ್ದ ಹಗೇವುಗಳು ಆ ತೇವಕ್ಕೆ ಬಾಯ್ದೆರೆದಿದ್ದವು. ಗಜೇಂದ್ರಗಡದಲ್ಲಿ ನೀರು ಇಂಗಿಸುವುದು ಪುಣ್ಯವಾದರೆ, ನರಗುಂದದಲ್ಲಿ ಅದನ್ನೇ ಮಾಡಿದರೆ ಅಪಾಯ. ಒಂದೇ ಜಿಲ್ಲೆ, ಎರಡು ನಕ್ಷೆ. ಹೋಟೆಲಿಗೆ ನನ್ನ ಓಟು ಗುಡ್ಡದ ಬುಡದ ಗರಸು ನೆಲಕ್ಕೆ. ಹೊಲವನ್ನೂ ಮುಟ್ಟಬಾರದು, ನೆತ್ತಿಯನ್ನೂ ಏರಬಾರದು. ನೆತ್ತಿಯಲ್ಲಿ ಈಗಾಗಲೇ ಗಾಳಿಯಂತ್ರಗಳು ನಿಂತಿವೆ.

ತಂಪಿಗೆ ಏನು? ಇಲ್ಲಿಯ ಒಣಗಾಳಿಗೆ ನೀರು ಹಾಕುವ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ನೀರು ಕುಡಿಯುತ್ತದೆ. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ ಏನನ್ನೂ ಕುಡಿಯದೆ ಮಧ್ಯಾಹ್ನದ ಕಾವನ್ನು ರಾತ್ರಿಯವರೆಗೆ ಹೊರಗೇ ತಡೆದಿಡುತ್ತದೆ. ರಾತ್ರಿ ಕಿಟಕಿ, ಬೆಳಕಿಂಡಿ ತೆರೆದರೆ ಗೋಡೆ ಮತ್ತೆ ತಣಿಯುತ್ತದೆ. ಮಣ್ಣು ಮುಚ್ಚಿದ ಮಾಳಿಗೆಯೂ ಹಾಗೆಯೇ. ಅದರಿಂದ ಇಳಿಯುವ ಮಳೆನೀರು ಕೆಸರಾಗಿರುತ್ತದೆ. ಕುಡಿಯುವ ನೀರಿಗೆ ಕಲ್ಲುಚಪ್ಪಡಿ ಹಾಸಿದ ಮಾಳಿಗೆ ಲೇಸು. ಹಾಸಿಗೆ, ಪರದೆಗೆ ಮುಂಬಯಿ ಬಟ್ಟೆ ತರಿಸಬೇಕಿಲ್ಲ. ಚೌಕಳಿಯ ಪಟ್ಟೇದಂಚು ಸೀರೆಗೆ ಹೆಸರಾದದ್ದು ಗಜೇಂದ್ರಗಡವೇ.

ಕೊನೆಯ ಪ್ರಶ್ನೆ ಕ್ಯಾಲೆಂಡರಿನದು. ಕಬಿನಿಗೆ ಬೇಸಿಗೆಯೇ ಸುಗ್ಗಿ, ಹಿನ್ನೀರಿಗೆ ಆನೆಗಳು ನೆರೆಯುವ ಕಾಲ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೀರೂ ಕಡಿಮೆ, ನೋಡುವವರೂ ಕಡಿಮೆ. ಆ ಎರಡು ತಿಂಗಳು ಹೋಟೆಲನ್ನೇ ಮುಚ್ಚಬೇಕು. ಮಳೆಗಾಲದ ಮುಂಚೆ ಮಾಳಿಗೆ ರಿಪೇರಿ, ಹೊಂಡದ ಹೂಳೆತ್ತುವುದು, ಗೋಡೆ ಸಾರಿಸುವುದು ಊರವರು ಮೊದಲಿಂದಲೂ ಮಾಡುತ್ತ ಬಂದ ಕೆಲಸ. ಹೋಟೆಲಿನ ಆಳುಗಳಿಗೆ ಆಗಲೂ ಪಗಾರ ಕೊಟ್ಟು ಅದನ್ನೇ ಮಾಡಿಸಬಹುದು. ಬ್ಯಾಂಕಿನವರು ಹತ್ತು ತಿಂಗಳ ವ್ಯಾಪಾರಕ್ಕೆ ಮೂಗು ಮುರಿದಾರು. ಎರಡು ತಿಂಗಳ ಪಗಾರ ಮತ್ತು ಕಂತನ್ನು ಉಳಿದ ಹತ್ತು ತಿಂಗಳ ಕೋಣೆ ಬಾಡಿಗೆಯಲ್ಲಿ ಮೊದಲೇ ಸೇರಿಸಿದರೆ ಸಾಲದ ಅರ್ಜಿಯ ಲೆಕ್ಕವೂ ಕೂಡಿಬರುತ್ತದೆ.