ಹಳೆಯ ಮೋಟಾರ್ ಸೈಕಲ್ಲಿನ ಮುಂದಿನ ಫೋರ್ಕು: ದುರಸ್ತಿಯೂ ಸುಧಾರಣೆಯೂ

ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರ ಮನೆಯಲ್ಲಿ ಇನ್ನೂ ಹಳೆಯ ಮೋಟಾರ್ ಸೈಕಲ್ಲುಗಳೇ ತೋಟದ ಚಾಕರಿ ಮಾಡುತ್ತಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದ ಯೆಜ್ಡಿ ಗಾಡಿಗಳು, ಹಳೆಯ ಬುಲೆಟ್, ರಾಜದೂತ, ಹೀರೋ ಹೋಂಡಾಗಳು ಇಂದಿಗೂ ಓಡುತ್ತಿವೆ. ಇವುಗಳ ಎಂಜಿನ್ನಿನ ಬಗ್ಗೆ ಇರುವ ಕಾಳಜಿ ಮುಂದಿನ ಫೋರ್ಕಿನ ಬಗ್ಗೆ ಇರುವುದಿಲ್ಲ. ಎಂಜಿನ್ ಕೆಟ್ಟರೆ ಗಾಡಿ ನಿಂತುಬಿಡುತ್ತದೆ. ಫೋರ್ಕು ಕೆಟ್ಟರೆ ಗಾಡಿ ಓಡುತ್ತಲೇ ಇರುತ್ತದೆ, ಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿ ಕಡೆಯ ರಸ್ತೆಯಲ್ಲಾಗಲಿ, ಚೋರ್ಲಾ ಘಾಟಿನ ಇಳಿಜಾರಿನಲ್ಲಾಗಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಫೋರ್ಕಿನ ಕೆಲಸ ಎರಡು. ಒಳಗಿನ ಸ್ಪ್ರಿಂಗು ಭಾರ ಹೊರುತ್ತದೆ. ಎಣ್ಣೆಯು ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ. ಎಣ್ಣೆಯ ತಡೆಯುಳ್ಳ ಇಂಥ ಕೊಳವೆ ಫೋರ್ಕನ್ನು ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ 1935ರಲ್ಲಿ ತನ್ನ ಆರ್-12 ಗಾಡಿಗೆ ಅಳವಡಿಸಿತು. ನಮ್ಮ ಹಳೆಯ ಗಾಡಿಗಳದೂ ಅದೇ ತತ್ತ್ವ. ಚಕ್ರ ಏರಿಳಿದಾಗ ಎಣ್ಣೆ ಸಣ್ಣ ತೂತುಗಳ ಮೂಲಕ ನುಗ್ಗಬೇಕು. ತೂತಿನ ಅಳತೆ ಬದಲಾಗದು; ಆದುದರಿಂದ ವೇಗ ಇಮ್ಮಡಿಯಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಬ್ರೇಕು ಹಾಕಿದಾಗ ಫೋರ್ಕು ಮೆಲ್ಲಗೆ ಮುಳುಗುತ್ತದೆ, ಆಗ ತಡೆ ಕಡಿಮೆ. ಗುಂಡಿಗೆ ಬಡಿದಾಗ ಫಕ್ಕನೆ ಒತ್ತಲ್ಪಡುತ್ತದೆ, ಆಗ ತಡೆ ವಿಪರೀತ. ಈ ಒಂದು ಮಾತು ನೆನಪಿಟ್ಟರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಮೊದಲು ರೋಗ ಯಾವುದೆಂದು ನೋಡಬೇಕು. ಗಾಡಿಯನ್ನು ನಡುವಿನ ಸ್ಟ್ಯಾಂಡಿಗೆ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ, ಫೋರ್ಕಿನ ಕೆಳತುದಿಗಳನ್ನು ಹಿಡಿದು ಹಿಂದೆ ಮುಂದೆ ಅಲುಗಿಸಿರಿ. ಮೇಲೆ ಹ್ಯಾಂಡಲಿನ ಬುಡದಲ್ಲಿ ಸದ್ದಾದರೆ ದೋಷ ಬೇರಿಂಗಿನದು. ಕೊಳವೆಗಳು ಕೂಡುವಲ್ಲಿ ಸಡಿಲವಿದ್ದರೆ ಬುಷ್ ಸವೆದಿದೆ. ಕೊಳವೆಯ ಮೇಲೆ ಎಣ್ಣೆಯ ಪಸೆ ಕಂಡರೆ ಸೀಲು ಹೋಗಿದೆ. ಡಿಸ್ಕ್ ಬ್ರೇಕಿನ ಗಾಡಿಯಾದರೆ ಆ ಎಣ್ಣೆ ಡಿಸ್ಕಿಗೆ ತಾಗಿದ ದಿನ ಮುಂದಿನ ಬ್ರೇಕೇ ಇಲ್ಲದಂತಾಗುತ್ತದೆ. ಅದನ್ನು ನಾಳೆಗೆ ಬಿಡತಕ್ಕದ್ದಲ್ಲ.

ಹೊಸ ಸೀಲು ಹಾಕಿಸಿದರೂ ತಿಂಗಳೊಳಗೆ ಮತ್ತೆ ಸೋರಿತೆಂಬ ದೂರು ಸಾಮಾನ್ಯ. ಹೆಚ್ಚಾಗಿ ತಪ್ಪು ಸೀಲಿನದಲ್ಲ. ಕೊಳವೆಯ ಕ್ರೋಮಿನಲ್ಲಿ ತುಕ್ಕಿನ ಸಣ್ಣ ಕುಳಿಗಳಾಗಿ, ಅವು ರಬ್ಬರನ್ನು ಅರದಂತೆ ತಿನ್ನುತ್ತವೆ. ಮೈಲುತುತ್ತ ಕಬ್ಬಿಣವನ್ನು ತಿನ್ನುವುದು ಅಡಿಕೆ ಬೆಳೆಗಾರರಿಗೆ ಗೊತ್ತಿದ್ದದ್ದೇ. ಬೋರ್ಡೋ ಸಿಂಪಡಣೆಯ ಸಾಮಾನು ಹೇರಿ ತಂದ ದಿನ ಕೊಳವೆಗಳನ್ನು ತೊಳೆದು ಒರೆಸಿರಿ. ಕುಳಿ ಬಿದ್ದ ಕೊಳವೆಯನ್ನು ಹೊಸ ಕ್ರೋಮು ಹಾಕಿಸಿ ಗ್ರೈಂಡ್ ಮಾಡಿಸಬಹುದು. ಬೆಳಗಾವಿಯವರಿಗೆ ಇದೊಂದು ಅನುಕೂಲ: ಉದ್ಯಮಬಾಗವು ಹೈಡ್ರಾಲಿಕ್ ಸಾಮಗ್ರಿಗೆ ಹೆಸರಾದ ಜಾಗ. ಫೋರ್ಕು ಕೂಡ ಒಂದು ಸಣ್ಣ ಹೈಡ್ರಾಲಿಕ್ ಸಿಲಿಂಡರೇ. ಆದರೆ ಬಾಗಿದ ಕೊಳವೆಗೆ ಕ್ರೋಮು ಹಾಕಿಸಿ ಫಲವಿಲ್ಲ. ಅದನ್ನು ಬದಲಿಸುವುದೇ ಸರಿ.

ಇನ್ನು ಸುಧಾರಣೆಯ ಮಾತು. ಮುಂಭಾಗ ಮುಳುಗುತ್ತದೆಂದು ಗಟ್ಟಿ ಎಣ್ಣೆ ಸುರಿಯುವುದು ಎಲ್ಲೆಲ್ಲೂ ಕಾಣುವ ಪದ್ಧತಿ. ಮೇಲೆ ಹೇಳಿದ ಕಾರಣದಿಂದ ಇದು ಮುಳುಗುವುದನ್ನು ಅಷ್ಟಾಗಿ ತಡೆಯದು, ಗುಂಡಿಯ ಹೊಡೆತವನ್ನು ಮಾತ್ರ ಕೈಗೆ ದಾಟಿಸುತ್ತದೆ. ಸಾಲು ಗುಂಡಿಗಳಲ್ಲಂತೂ ಫೋರ್ಕು ಮೇಲೇಳುವ ಮೊದಲೇ ಮುಂದಿನ ಗುಂಡಿ ಬಂದು, ಅದು ಕುಗ್ಗುತ್ತಲೇ ಹೋಗುತ್ತದೆ. ಎಣ್ಣೆಯ ದರ್ಜೆಯೂ ಅಳತೆಯೂ ಕೈಪಿಡಿಯಲ್ಲಿದ್ದಂತೆಯೇ ಇರಲಿ, ಎರಡು ಕಾಲಿಗೂ ಸಮನಾಗಿರಲಿ. ಹೆಚ್ಚು ತುಂಬಿದರೆ ಒಳಗಿನ ಗಾಳಿಗೆ ಜಾಗ ಸಾಲದೆ ಒತ್ತಡ ಏರಿ ಸೀಲು ಕಿತ್ತುಬರುತ್ತದೆ.

ಮುಳುಗುವುದಕ್ಕೆ ಮದ್ದು ಸ್ಪ್ರಿಂಗು. ಚಕ್ರ ಎತ್ತಿದ್ದಾಗ ಕೊಳವೆ ಎಷ್ಟು ಕಾಣುತ್ತದೆಂದು ಅಳೆಯಿರಿ. ಸವಾರ ಗಾಡಿಯ ಮೇಲೆ ನೆಟ್ಟಗೆ ಕುಳಿತಾಗ ಇನ್ನೊಬ್ಬರಿಂದ ಮತ್ತೆ ಅಳೆಯಿಸಿರಿ. ಫೋರ್ಕಿನ ಒಟ್ಟು ಚಲನೆ 150 ಮಿಲಿಮೀಟರ್ ಎಂದಿಟ್ಟುಕೊಂಡರೆ, ವ್ಯತ್ಯಾಸ 40ರಿಂದ 50 ಮಿಲಿಮೀಟರ್ ಇರಬಹುದು. ಅದಕ್ಕಿಂತ ಬಹಳ ಹೆಚ್ಚಾದರೆ ಸ್ಪ್ರಿಂಗು ಸೋತಿದೆ. ಸ್ಪ್ರಿಂಗಿನ ಮೇಲೆ ವಾಷರು, ಪೈಪಿನ ತುಂಡು ಇಟ್ಟರೆ ಗಾಡಿ ಎತ್ತರಕ್ಕೆ ಬರುತ್ತದೆ, ಸ್ಪ್ರಿಂಗು ಗಟ್ಟಿಯಾಗುವುದಿಲ್ಲ. ಸುತ್ತು ಕತ್ತರಿಸಿದರೆ ಗಟ್ಟಿಯಾಗುವುದು ನಿಜ: 40 ಸುತ್ತನ್ನು 32ಕ್ಕೆ ಇಳಿಸಿದರೆ ಕಾಲು ಭಾಗ ಹೆಚ್ಚು. ಆದರೆ ಸುತ್ತುಗಳು ಬೇಗ ಒಂದಕ್ಕೊಂದು ಕೂಡಿ, ಕಡೆಯ ಹೊಡೆತ ಕಬ್ಬಿಣಕ್ಕೆ ಕಬ್ಬಿಣ ಬಡಿದಂತಾಗಬಹುದು. ಆ ಮಾದರಿಗೆ ಒಪ್ಪುವ ಹೊಸ ಸ್ಪ್ರಿಂಗಿನ ಜೋಡಿಯೇ ಉತ್ತಮ. ಮೇಲಿನ ಮುಚ್ಚಳದ ಕೆಳಗೆ ಸ್ಪ್ರಿಂಗು ಒತ್ತಿಕೊಂಡಿರುತ್ತದೆ. ಬಿಚ್ಚುವಾಗ ಮುಖ ಅಡ್ಡ ಇಡಬೇಡಿರಿ.

ಹಿಂದಿನ ಕ್ಯಾರಿಯರಿನಲ್ಲಿ ಮೂಟೆ ಹೇರಿದಾಗ ಹ್ಯಾಂಡಲು ತೂಗಾಡುವುದಕ್ಕೆ ಫೋರ್ಕನ್ನು ದೂರಬಾರದು. ಹಿಂದಿನ ಅಚ್ಚಿನಿಂದಾಚೆ ಬಿದ್ದ ಭಾರ ಮುಂದಿನ ಚಕ್ರವನ್ನು ಎತ್ತುತ್ತದೆ. ಮೂಟೆಯನ್ನು ಸೀಟಿನ ಕಡೆಗೆ ಸರಿಸಿ ಕಟ್ಟುವುದೇ ಅದರ ಚಿಕಿತ್ಸೆ, ಖರ್ಚೂ ಇಲ್ಲ.

ಬೇರೆ ಗಾಡಿಯ ದಪ್ಪ ಫೋರ್ಕನ್ನು ಡಿಸ್ಕ್ ಬ್ರೇಕ್ ಸಮೇತ ಕೂಡಿಸುವವರೂ ಇದ್ದಾರೆ. ಉದ್ದ ಬದಲಾದರೆ ಗಾಡಿಯ ತಿರುಗುವ ಸ್ವಭಾವವೇ ಬದಲಾಗುತ್ತದೆ. ಮೇಲಾಗಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಟಿಗೆ ಮಿತಿ ಹಾಕಿದೆ. ಆರ್.ಟಿ.ಓ. ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸದೆ ಈ ಕೆಲಸಕ್ಕೆ ಕೈಹಾಕುವುದು ಬೇಡ.

ಮಳೆಗೆ ಮುನ್ನ, ಬೋರ್ಡೋ ಸಿಂಪಡಣೆಗೆ ಪಂಪು ಸಿದ್ಧಮಾಡುವ ಹೊತ್ತಿನಲ್ಲೇ ಫೋರ್ಕಿನ ಎಣ್ಣೆ ಬದಲಿಸಿ, ಸೀಲು ನೋಡಿ, ಕೊಳವೆಗೆ ರಬ್ಬರ್ ಹೊದಿಕೆ ಹಾಕಿಸಿರಿ. ಹೊಸ ಸ್ಪ್ರಿಂಗಿನ ಆಲೋಚನೆ ಇವೆಲ್ಲ ಆದ ಮೇಲೆ. ಅನೇಕ ಗಾಡಿಗಳಿಗೆ ಅದರ ಅಗತ್ಯವೇ ಬೀಳದು.