ಎಲ್ಲ ಪ್ರಬಂಧಕ್ಕೂ ಒಂದೇ ಉಪಸಂಹಾರ ಸಾಕೇ?

‘ಈ ನಾಲ್ಕು ಸಾಲು ಬಾಯಿಪಾಠ ಮಾಡಿ, ಯಾವ ಪ್ರಬಂಧಕ್ಕಾದರೂ ಉಪಸಂಹಾರ ರೆಡಿ’. ಪರೀಕ್ಷೆ ಹತ್ತಿರವಾದಾಗ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಂದೇಶ ಓಡಾಡುತ್ತದೆ. ಇದನ್ನು ನಂಬಬಹುದೇ?

ಕೊಪ್ಪಳ ಜಿಲ್ಲೆಯ ನವಲಿಯ ವಿದ್ಯಾರ್ಥಿನಿಯೊಬ್ಬಳು ‘ತುಂಗಭದ್ರಾ ಜಲಾಶಯದ ಹೂಳು’ ಕುರಿತು ಬರೆಯುತ್ತಿದ್ದಾಳೆ ಅಂದುಕೊಳ್ಳೋಣ. ಪೀಠಿಕೆಯಲ್ಲಿ 1953ರಲ್ಲಿ ಸಿದ್ಧವಾದ ಅಣೆಕಟ್ಟು ಬಂತು. ವಿವರಣೆಯಲ್ಲಿ, ಮೇಲಿನಿಂದ ಕೊಚ್ಚಿ ಬರುವ ಮಣ್ಣಿನಿಂದ ಸುಮಾರು 133 ಟಿಎಂಸಿ ಸಾಮರ್ಥ್ಯ 105ರ ಆಸುಪಾಸಿಗೆ ಇಳಿದದ್ದು ಬಂತು. ಅದಕ್ಕೆ ಪರಿಹಾರವೆಂದು ತಮ್ಮೂರಿನ ಬಳಿಯೇ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾಪವೂ ಬಂತು. ಕೊನೆಗೆ ‘ಹೀಗೆ ನೀರು ಅಮೂಲ್ಯ, ಉಳಿಸುವುದು ನಮ್ಮೆಲ್ಲರ ಕರ್ತವ್ಯ’ ಎಂದು ಮುಗಿಸಿದರೆ? ತಪ್ಪೇನಿಲ್ಲ. ಆದರೆ ಈ ಸಾಲು ಮಳೆಕೊಯ್ಲಿಗೂ ಹೊಂದುತ್ತದೆ, ಬೋರ್‌ವೆಲ್‌ಗೂ ಹೊಂದುತ್ತದೆ. ಹೂಳಿನ ಮಾತೇ ಇಲ್ಲ!

ನಾವಾದರೆ ಹೀಗೆ ಬರೆಯುತ್ತೇವೆ: ‘ನವಲಿಯಲ್ಲಿ ಹೊಸ ಜಲಾಶಯ ಕಟ್ಟಿದರೂ ಹಳೆಯದಕ್ಕೆ ಹೂಳು ಬರುವುದು ನಿಲ್ಲುವುದಿಲ್ಲ. ಮಣ್ಣು ಕೊಚ್ಚಿ ಬರುವುದನ್ನು ಮೇಲೆಯೇ ತಡೆದರೆ ಈಗಿರುವ 105 ಟಿಎಂಸಿಯಾದರೂ ಉಳಿದೀತು.’ ಎರಡೇ ವಾಕ್ಯ. ಮೇಲೆ ಹೇಳಿದ ಸಂಗತಿಗಳೇ ಸೇರಿ ‘ಹಾಗಾದರೆ ಏನು ಮಾಡಬೇಕು?’ ಎಂಬ ಪ್ರಶ್ನೆಗೆ ಉತ್ತರವಾಗಿವೆ.

2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದದ್ದು ಕೊನೇ ಗಳಿಗೆಯಲ್ಲಿ ನೆನಪಾಯಿತೇ? ಉಪಸಂಹಾರಕ್ಕೆ ತುರುಕಬೇಡಿ. ಅದು ಬೇರೆ ಸಮಸ್ಯೆ, ಅಲ್ಲಿ ಬಿಡಿಸಿ ಹೇಳಲು ಜಾಗವಿಲ್ಲ.

ಮನೆಯಲ್ಲಿ ಅಭ್ಯಾಸ ಮಾಡುವಾಗ ಉಪಸಂಹಾರವನ್ನಷ್ಟೇ ಅಕ್ಕನಿಗೋ ಗೆಳತಿಗೋ ಓದಿ ಹೇಳಿ, ವಿಷಯ ಯಾವುದೆಂದು ಕೇಳಿ. ಅವರು ‘ಪರಿಸರ ಇರಬೇಕು’ ಎಂದು ತಡವರಿಸಿದರೆ ಇನ್ನೊಮ್ಮೆ ಬರೆಯಿರಿ.