ನಿರಂತರ ಎರಕದಲ್ಲಿ ಉರುಳೆಗಳ ಪಥವೂ ಉಕ್ಕಿನ ಬಿರುಕೂ

ಕಬ್ಬಿಣದ ಕೈಗಾರಿಕೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನವು ಭದ್ರಾವತಿಯಲ್ಲಿ ಸ್ಥಾಪಿಸಿದ ಕಾರ್ಖಾನೆಯು 1923ರಲ್ಲಿಯೇ ಇದ್ದಿಲಿನ ಸಹಾಯದಿಂದ ಬೀಡುಕಬ್ಬಿಣವನ್ನು ತಯಾರಿಸಲಾರಂಭಿಸಿತು. ಆ ಕಾಲದಲ್ಲಿ ಎಲ್ಲ ದೇಶಗಳಲ್ಲಿಯೂ ದ್ರವ ಉಕ್ಕನ್ನು ಅಚ್ಚುಗಳಲ್ಲಿ ಸುರಿದು ಗಟ್ಟಿಗಳನ್ನಾಗಿಸಿ, ಪುನಃ ಕಾಯಿಸಿ, ಬೇಕಾದ ಆಕಾರಕ್ಕೆ ತರುತ್ತಿದ್ದರು. ಇಂದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂಥ ಕಡೆಗಳಲ್ಲಿ ಉಕ್ಕು ಎಡೆಬಿಡದ ಚಪ್ಪಡಿಯಾಗಿಯೇ ಯಂತ್ರದಿಂದ ಹೊರಬರುತ್ತದೆ. ಇದೇ ನಿರಂತರ ಎರಕ. ಈ ಚಪ್ಪಡಿಯು ಸಾಗುವ ಪಥವನ್ನು ಹೇಗೆ ರಚಿಸಿದರೆ ಅದು ಬಿರುಕುಬಿಡದೆ ಬರುವುದೆಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ನೀರಿನಿಂದ ತಂಪುಗೊಳಿಸಿದ ತಾಮ್ರದ ಅಚ್ಚಿನೊಳಕ್ಕೆ ದ್ರವ ಉಕ್ಕನ್ನು ಮೇಲಿನಿಂದ ಬಿಡುತ್ತಾರೆ. ಅಚ್ಚನ್ನು ದಾಟುವಾಗ ಉಕ್ಕಿಗೆ ತೆಳುವಾದ ಒಂದು ಕವಚ ಮಾತ್ರ ಕಟ್ಟಿರುತ್ತದೆ, ಒಳಗೆಲ್ಲ ದ್ರವವೇ. ಮುಂದೆ ಉರುಳೆಗಳ ಸಾಲುಗಳ ನಡುವೆ, ನೀರಿನ ತುಂತುರಿನಲ್ಲಿ ಸಾಗುತ್ತ, ಕವಚವು ಕ್ರಮೇಣ ದಪ್ಪವಾಗುತ್ತದೆ. 220 ಮಿಲಿಮೀಟರ್ ದಪ್ಪದ ಚಪ್ಪಡಿಯು ನಿಮಿಷಕ್ಕೆ 1.2 ಮೀಟರ್ ವೇಗದಲ್ಲಿ ಇಳಿಯುವುದೆಂದು ಭಾವಿಸೋಣ. ಅದು ಪೂರ್ತಿ ಗಟ್ಟಿಯಾಗಲು ಸುಮಾರು 18 ನಿಮಿಷ ಹಿಡಿಯುವುದು. ಅಷ್ಟರಲ್ಲಿ 21 ಮೀಟರಿಗೂ ಹೆಚ್ಚು ದೂರ ಸಾಗಿರುವುದು. ಯಂತ್ರವನ್ನು ನೆಟ್ಟಗೆ ನಿಲ್ಲಿಸಿದರೆ ಅಷ್ಟೆತ್ತರದ ಗೋಪುರವೇ ಬೇಕು. ಆದುದರಿಂದ 1960ರ ದಶಕದಲ್ಲಿ ಯುರೋಪಿನಲ್ಲಿ ಬಾಗಿದ ಪಥದ ಯಂತ್ರಗಳು ಬಳಕೆಗೆ ಬಂದವು. ಚಪ್ಪಡಿಯು ವೃತ್ತದ ಕಾಲುಭಾಗದಷ್ಟು ಕಂಸದಲ್ಲಿ ಇಳಿದು, ಕೊನೆಗೆ ನೆಟ್ಟಗಾಗಿ, ನೆಲಕ್ಕೆ ಸಮಾಂತರವಾಗಿ ಹೊರಬರುವುದು.

ತೊಡಕು ಇರುವುದು ಈ ನೆಟ್ಟಗಾಗುವ ಘಟ್ಟದಲ್ಲಿಯೇ. ಬಾಗಿದುದನ್ನು ನೆಟ್ಟಗೆ ಮಾಡಿದಾಗ ಕಂಸದ ಒಳಮಗ್ಗುಲಿನ ಮೈ ಹಿಗ್ಗುತ್ತದೆ, ಹೊರಮಗ್ಗುಲಿನದು ಕುಗ್ಗುತ್ತದೆ. ಅನೇಕ ಜಾತಿಯ ಉಕ್ಕುಗಳು, ವಿಶೇಷವಾಗಿ ನಿಯೋಬಿಯಮ್ ಬೆರೆತವು, ಸುಮಾರು 700ರಿಂದ 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹಿಗ್ಗುವ ಗುಣವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತವೆ. ಆಗ ಮೈಯ ಮೇಲೆ ಅಡ್ಡಬಿರುಕುಗಳು ಮೂಡುವುವು. ಕವಚವು ದ್ರವವನ್ನು ಸಂಧಿಸುವ ಒಳಗಡಿಯಲ್ಲಿ ಉಕ್ಕು ಇನ್ನೂ ದುರ್ಬಲ. ಅಲ್ಲಿ ಅಲ್ಪ ಹಿಗ್ಗಿನಿಂದಲೂ ಒಳಬಿರುಕು ಹುಟ್ಟಬಹುದು.

ಹಿಗ್ಗಿನ ಲೆಕ್ಕ ಸುಲಭವಾದುದು. ತ್ರಿಜ್ಯದ ವಿಲೋಮವನ್ನು ವಕ್ರತೆ ಎನ್ನುತ್ತೇವೆ. ಚಪ್ಪಡಿಯ ನಡುರೇಖೆಯು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲವೆಂದು ಇಟ್ಟುಕೊಂಡರೆ, ಯಾವುದೇ ಪದರದ ಹಿಗ್ಗು ನಡುರೇಖೆಯಿಂದ ಅದಕ್ಕಿರುವ ದೂರವನ್ನು ವಕ್ರತೆಯ ಬದಲಾವಣೆಯಿಂದ ಗುಣಿಸಿದಷ್ಟು. ತ್ರಿಜ್ಯ 10 ಮೀಟರ್ ಆದರೆ ವಕ್ರತೆ ಮೀಟರಿಗೆ 0.1, ಮೈಯ ದೂರ 0.11 ಮೀಟರ್; ಹಿಗ್ಗು ಶೇಕಡ 1.1. ಪಥವನ್ನು ಎಷ್ಟೇ ನಯವಾಗಿ ರಚಿಸಿದರೂ ಈ ಮೊತ್ತ ಕಡಮೆಯಾಗದೆಂಬುದನ್ನು ಮೊದಲು ಮನಗಾಣಬೇಕು. ನಮ್ಮ ಕೈಯಲ್ಲಿರುವುದು ಅದನ್ನು ಹಂಚುವ ಬಗೆ ಮಾತ್ರ.

ಒಂದೇ ಉರುಳೆಯ ಬಳಿ ನೆಟ್ಟಗೆ ಮಾಡಿದರೆ, ಸುಮಾರು 0.3 ಮೀಟರ್ ದೂರದಲ್ಲಿ, ಎಂದರೆ 15 ಸೆಕೆಂಡುಗಳಲ್ಲಿ, ಮೊತ್ತವೆಲ್ಲ ಬಂದೆರಗುವುದು. ಹಿಗ್ಗಿನ ದರ ಆಗ ನಿಮಿಷಕ್ಕೆ ಶೇಕಡ 4.4. ಇದನ್ನು ಐದು ಹಂತಗಳಾಗಿ ಹಂಚುವುದಾದರೆ ತ್ರಿಜ್ಯಗಳನ್ನು ಸಮಾಂತರದಲ್ಲಿ ಏರಿಸುವುದು ತಪ್ಪು. ವಕ್ರತೆಯನ್ನು ಸಮನಾಗಿ ಇಳಿಸಬೇಕು. 10, 12.5, 16.67, 25, 50 ಮೀಟರ್ ತ್ರಿಜ್ಯಗಳ ನಂತರ ಸರಳರೇಖೆ ಬಂದರೆ, ಪ್ರತಿ ಹಂತದ ಹಿಗ್ಗೂ ಶೇಕಡ 0.22 ಆಗುವುದು.

ಹಂತಗಳನ್ನೇ ತೊಡೆದುಹಾಕಿ ವಕ್ರತೆಯನ್ನು ಸಮದರದಲ್ಲಿ ಇಳಿಸುವುದು ಇನ್ನೂ ಮೇಲು. ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಪಯಣಿಸುವವರು ತಿರುವುಗಳಲ್ಲಿ ಒಮ್ಮೆಲೇ ಪಕ್ಕಕ್ಕೆ ವಾಲುವುದಿಲ್ಲ; ನೇರ ಹಳಿಗೂ ಕಂಸಕ್ಕೂ ನಡುವೆ ವಕ್ರತೆ ಮೆಲ್ಲನೆ ಏರುವ ಸಂಧಿರೇಖೆಯೊಂದನ್ನು ಹಾಕಿರುವುದೇ ಅದರ ಕಾರಣ. ಅದೇ ಉಪಾಯವನ್ನು ಇಲ್ಲಿ 3 ಮೀಟರ್ ಉದ್ದಕ್ಕೆ ಅನ್ವಯಿಸಿದರೆ ಹಿಗ್ಗಿನ ದರ ನಿಮಿಷಕ್ಕೆ ಶೇಕಡ 0.44ಕ್ಕೆ, ಎಂದರೆ ಹತ್ತನೆಯ ಒಂದು ಪಾಲಿಗೆ ಇಳಿಯುವುದು.

ಆದರೆ ಈ ಸಂಧಿರೇಖೆಯ ಎರಡು ತುದಿಗಳಲ್ಲಿಯೂ ದರವು ಥಟ್ಟನೆ ಬದಲಾಗುವುದು. ಅದನ್ನೂ ನಯಗೊಳಿಸಲು ವಕ್ರತೆಯನ್ನು ಮೂರನೆಯ ಘಾತದ ಸೂತ್ರದಿಂದ ಇಳಿಸಬಹುದು. ಆಗ ತುದಿಗಳು ನಯವಾಗುವುವು. ಆದರೆ ನಡುವಿನಲ್ಲಿ ದರವು ಒಂದೂವರೆ ಪಟ್ಟಾಗಿ, ಶೇಕಡ 0.66ಕ್ಕೆ ಏರುವುದು. ಮೊದಲಿನ ದರವೇ ಬೇಕೆಂದರೆ ಉದ್ದವನ್ನು 4.5 ಮೀಟರಿಗೆ ಹೆಚ್ಚಿಸಬೇಕು. ಉದ್ದ ಹೆಚ್ಚಿದಂತೆಲ್ಲ ಮೈ ತಣಿದು, ಆ ಬಿರುಸಾದ ಉಷ್ಣತೆಯ ವಲಯಕ್ಕೆ ಜಾರುವ ಸಂಭವವುಂಟು. ಆದುದರಿಂದ ಅತಿ ನಯವಾದ ರೇಖೆಯೇ ಅತ್ಯುತ್ತಮವೆಂಬ ನಿಯಮವಿಲ್ಲ.

ಇನ್ನೊಂದು ವಿಷಯವನ್ನು ಮರೆಯಲಾಗದು. ರೇಖೆ ಇರುವುದು ಕಾಗದದಲ್ಲಿ. ಚಪ್ಪಡಿಗೆ ಸಿಗುವುದು ಬಿಡಿ ಬಿಡಿ ಉರುಳೆಗಳು. 300 ಮಿಲಿಮೀಟರ್ ಅಂತರದ ಉರುಳೆಗಳಲ್ಲಿ ಒಂದು ಉರುಳೆ ಕೇವಲ 1 ಮಿಲಿಮೀಟರ್ ಸರಿದು ನಿಂತಿದೆಯೆನ್ನೋಣ. ಅಕ್ಕಪಕ್ಕದ ಉರುಳೆಗಳ ಮೇಲೆ ಊರಿದ ತೊಲೆಯ ಲೆಕ್ಕದಂತೆ, ಸರಿದ ದೂರದ ಮೂರರಷ್ಟನ್ನು ಅಂತರದ ವರ್ಗದಿಂದ ಭಾಗಿಸಿದರೆ, ಮೀಟರಿಗೆ 0.033ರಷ್ಟು ವಕ್ರತೆ ಬರುವುದು. ಮೇಲೆ ಕಂಡ ಐದು ಹಂತಗಳಲ್ಲಿ ಒಂದೊಂದರ ಬದಲಾವಣೆ 0.02 ಮಾತ್ರ! ಕಾಯ್ದ ಉಕ್ಕು ಮೆಲ್ಲನೆ ಬಗ್ಗಿಕೊಳ್ಳುವುದರಿಂದ ಪೆಟ್ಟು ಸ್ವಲ್ಪ ತಗ್ಗಬಹುದು. ಆದರೂ ಅರ್ಧ ಮಿಲಿಮೀಟರಿನೊಳಗೆ ಉರುಳೆಗಳನ್ನು ಹೊಂದಿಸಲಾಗದ ಕಡೆ ಸೊಗಸಾದ ಸೂತ್ರದಿಂದ ಪ್ರಯೋಜನ ಅಲ್ಪವೇ.

ಇಷ್ಟರಿಂದ ರಚನೆಯ ಕ್ರಮ ಸ್ಪಷ್ಟವಾಗುವುದು. ಉಕ್ಕಿನ ಜಾತಿಯನ್ನೂ ಮೈಯ ಉಷ್ಣತೆಯನ್ನೂ ಮೊದಲು ಅರಿತು, ಸಂಧಿಯ ಉದ್ದವನ್ನು ಗೊತ್ತುಮಾಡಿ, ಬಳಿಕ ವಕ್ರತೆಯ ಸೂತ್ರವನ್ನು ಆರಿಸಬೇಕು. ಕೊನೆಯದಾಗಿ, ಆ ಸೂತ್ರದ ನಯವು ಉರುಳೆಗಳನ್ನು ಅಳೆದು ನಿಲ್ಲಿಸುವ ಕೈಯ ನಿಖರತೆಗೆ ತಕ್ಕಷ್ಟಿದೆಯೇ ಎಂದು ಪರೀಕ್ಷಿಸಬೇಕು. ಗಣಿತವೂ ಕಾರ್ಖಾನೆಯ ಅಳತೆಗೋಲೂ ಒಂದನ್ನೊಂದು ಬಿಟ್ಟು ಸಾಗಲಾರವು.